ಬಣ್ಣ ಬಿಡೋ ವರ

ಮೈಮೇಲೆ ಹಾಕ್ಕೊಂಡಿದ್ದು ಹಾಕ್ಕೊಂಡ ಹಾಗೇ ಇರಬೇಕು ಅನ್ನೋದು ದೊಡ್ಡ ಆಸೆಯೇನಲ್ಲ. ಎಲ್ಲರಿಗೂ ಹಾಗೇ ಇರುತ್ತೆ. ನನಗೆ ಮಾತ್ರ ಇರಲ್ಲ. ತೊಂಬತ್ತರ ದಶಕದಲ್ಲಿ, ಮೂವತ್ತಮೂರು ದಾಟಿ ಹೆಣ್ಣು ಹುಡುಕ್ತಿದ್ದ ಆ ಒಂದು ವರ್ಷ, ಕಂಡ ಕಂಡ ಬಟ್ಟೆಬರೆಯೆಲ್ಲ ಸೇರ್ಕೊಂಡು ನನ್ನ ಮಾನ ತೆಗೆದ್ವು.

೧. ನಡೆದಾಡೋ ಬೋರ್ಡು

ನಾನು ಜಯನಗರದ ಒಂದು ಕನ್ನಡಕದ ಅಂಗಡೀಲಿ ಸೇಲ್ಸ್‌ಮನ್. ಬಿಸಿಲಿಗೆ ಹೋದ್ರೆ ಕಪ್ಪಾಗಿ, ನೆರಳಿಗೆ ಬಂದ್ರೆ ಬೆಳ್ಳಗಾಗೋ ಗಾಜು ಹೊಸದಾಗಿ ಬಂದಿತ್ತು. ಯಜಮಾನರು ನನ್ನ ಪವರಿಗೇ ಒಂದು ಮಾಡಿಸಿ, "ಹಾಕ್ಕೊಂಡು ಓಡಾಡು. ನೀನೇ ನಮ್ಮ ಬೋರ್ಡು" ಅಂದ್ರು. ನನ್ನ ಪವರು ಮೈನಸ್ ಆರು. ಕನ್ನಡಕ ತೆಗೆದ್ರೆ ಮೂಗಿನಿಂದಾಚೆ ಎಲ್ಲಾ ಹಿಟ್ಟು ಕಲಸಿದ ಹಾಗೆ. ನನ್ನ ಹಳೇ ಕನ್ನಡಕಾನ ಅವರು "ಮೊದಲು ಹೀಗಿತ್ತು" ಅಂತ ಚೀಟಿ ಅಂಟಿಸಿ ಶೋಕೇಸಿಗೆ ಇಟ್ಟುಬಿಟ್ರು.

ಮೊದಲನೇ ದಿನ ಊಟ ಮುಗಿಸಿ ಬಿಸಿಲಿಂದ ಅಂಗಡಿಯೊಳಗೆ ಕಾಲಿಟ್ಟೆ. ಕಗ್ಗತ್ತಲು. ಸ್ಟೂಲ್ ಎಡವಿ, ಕನ್ನಡಿಗೆ ಕೈಮುಗಿದು "ಬನ್ನಿ ಮೇಡಂ" ಅಂದೆ. ನಿಜವಾದ ಮೇಡಂ ಪಕ್ಕದಲ್ಲಿದ್ರು. ಅವರು ಯಜಮಾನರ ಕಡೆ ತಿರುಗಿ, "ಕಣ್ಣು ಕಾಣದವರಿಗೂ ಕೆಲಸ ಕೊಟ್ಟಿದ್ದೀರಲ್ಲ ಸಾರ್, ನಿಮ್ಮದು ದೊಡ್ಡ ಮನಸ್ಸು" ಅಂದ್ರು.

ಯಜಮಾನರು ಇಲ್ಲ ಅನ್ನಲಿಲ್ಲ.

೨. ನನ್ನೇ ನೋಡ್ತಾ ಇರಿ

ಮೊದಲನೇ ಹೆಣ್ಣು ಬನಶಂಕರೀಲಿ. ಜೊತೆಗೆ ನಮ್ಮಕ್ಕ. ಅಪ್ಪ ಅಮ್ಮ ಇಲ್ಲದ ಮೇಲೆ ನನ್ನ ಮದುವೆ ಅವಳ ತಲೆನೋವು. ಬಸ್ ಇಳಿದು ಮಟಮಟ ಮಧ್ಯಾಹ್ನ ನಡ್ಕೊಂಡು ಹೋದ್ವಿ. ನಡುಮನೇಲಿ ಕೂತಾಗ ಗಾಜು ಇನ್ನೂ ಕಾಡಿಗೆ ಕಪ್ಪು.

"ಮದ್ರಾಸ್ ಐನಾ?" ಅಂದ್ರು ಹುಡುಗಿಯ ಅಪ್ಪ.

ಊರಲ್ಲೆಲ್ಲ ಆಗ ಆ ಕಣ್ಣುಬೇನೆ. ಕಪ್ಪು ಕನ್ನಡಕ ಕಂಡ್ರೆ ಜನ ರಸ್ತೆ ದಾಟ್ತಿದ್ರು. ಬೇನೆ ಬಂದವರ ಕಣ್ಣು ನೋಡಿದ್ರೇ ಅಂಟುತ್ತೆ ಅನ್ನೋ ನಂಬಿಕೆ ಬೇರೆ.

"ಅಯ್ಯೋ ಇಲ್ಲ ಸಾರ್! ಐದು ನಿಮಿಷ ನನ್ನೇ ನೋಡ್ತಾ ಇರಿ, ಸರಿಹೋಗುತ್ತೆ" ಅಂದೆ.

ನೋಡ್ತಾ ಇರಿ ಅಂದಿದ್ದೇ ತಡ, ಮನೆಮಂದಿಯೆಲ್ಲ ಗೋಡೆ ಕಡೆ ತಿರುಗಿದ್ರು. ಹುಡುಗಿ ಬಾಗಿಲ ಸಂದಿಯಿಂದ ಕೇಸರಿಬಾತ್ ತಟ್ಟೇನ ನೆಲದ ಮೇಲೇ ತಳ್ಳಿದ್ಲು. ಐದು ನಿಮಿಷಕ್ಕೆ ಗಾಜು ಬೆಳ್ಳಗಾಯ್ತು. ನನಗೆ ಕಂಡಿದ್ದು ಬರೀ ಬೆನ್ನುಗಳು.

೩. ಫಾರಿನ್ ಮಾಲು

ಎರಡನೇ ಹೆಣ್ಣು ಜೆ.ಪಿ. ನಗರದಲ್ಲಿ. ಬಿಸಿಲಿನ ಸಹವಾಸವೇ ಬೇಡ ಅಂತ ಸಂಜೆ ಹೊರಟ್ವಿ. ಭಾವ ಒಂದು ನೇರಳೆ ಟೀ ಶರ್ಟ್ ಕೊಟ್ಟು, "ಫಾರಿನ್ ಮಾಲು, ಸಖತ್ತಾಗಿ ಕಾಣ್ತೀಯ" ಅಂದ್ರು. ಮೈಬಿಸಿ ತಗುಲಿದ್ರೆ ಅದು ಗುಲಾಬಿ ಆಗುತ್ತೆ ಅಂತ ಪಾಪ ಅವರಿಗೂ ಗೊತ್ತಿರಲಿಲ್ಲ.

"ಸಂಬಳ ಎಷ್ಟು?" ಅಂದ್ರು ಹುಡುಗಿಯ ಅಪ್ಪ. ಕಂಕುಳು ಗುಲಾಬಿಯಾಯ್ತು. "ಸಿಗರೇಟು?" "ಇಲ್ಲ ಸಾರ್." ಎದೆ ಗುಲಾಬಿಯಾಯ್ತು. "ಸ್ವಂತ ಮನೆ?" ಹೊಟ್ಟೆತನಕ ಇಳೀತು. ಸತ್ಯಾನೇ ಹೇಳ್ತಿದ್ದೆ ಕಣ್ರೀ, ಆದ್ರೂ ಬಣ್ಣ ಬಯಲಾಗ್ತಾನೇ ಹೋಯ್ತು. ಹುಡುಗಿಯ ಅಜ್ಜಿ ಎದ್ದು ಬಂದು ನನ್ನ ತೋಳಿನ ಬಟ್ಟೆ ಹಿಡಿದು ಉಜ್ಜಿ ನೋಡಿದ್ರು.

"ಬೇಡ ಕಣಪ್ಪ," ಅಂದ್ರು ಮಗನಿಗೆ. "ಒಗೆಯೋಕೆ ಮುಂಚೇನೇ ಬಣ್ಣ ಬಿಡ್ತಾನೆ."

ವಾಪಸ್ ಬರೋವಾಗ ಅಕ್ಕ ಬಸ್ಸಲ್ಲಿ ಅತ್ಲು. "ಇನ್ನೊಂದೇ ಸಲ ಕಣೋ, ಆಮೇಲೆ ನನ್ನ ಕೈಲಾಗಲ್ಲ" ಅಂದ್ಲು. ನನಗೂ ಸಾಕಾಗಿತ್ತು. ಸ್ಟವ್ ಮೇಲೆ ಒಂದು ಪಾವು ಅಕ್ಕಿ ಇಟ್ಟು, ಅದು ಬೇಯೋದನ್ನ ಒಬ್ಬನೇ ನೋಡ್ಕೊಂಡು ಕೂರೋದಿದೆಯಲ್ಲ, ಅದು ಸಾಕಾಗಿತ್ತು.

೪. ಹಸಿರು ಸೀರೆಯವಳು

ಮೂರನೇದು ಸುಬ್ರಹ್ಮಣ್ಯಪುರ. ಬೆಳಗ್ಗೆ ಹನ್ನೊಂದಕ್ಕೇ ಬನ್ನಿ ಅಂದಿದ್ರು. ಈ ಸಲ ಬಿಳಿ ಅಂಗಿ. ಗೇಟಲ್ಲೇ ಕನ್ನಡಕ ತೆಗೆದು ಜೇಬಿಗಿಟ್ಟು, ಅಕ್ಕನ ಸೆರಗು ನೋಡ್ಕೊಂಡು ಒಳಗೆ ಹೋದೆ.

ಒಳಬಾಗಿಲ ಟ್ಯೂಬ್‌ಲೈಟ್ ಕೆಳಗಿಂದ ಒಂದು ನೀಲಿ ಸೀರೆ ಬಂತು, ಉಪ್ಪಿಟ್ಟು ಕೊಟ್ಟು ಹೋಯ್ತು. ಸ್ವಲ್ಪ ಹೊತ್ತಿಗೆ ಒಂದು ಹಸಿರು ಸೀರೆ ಬಂದು ಕಿಟಕಿ ಹತ್ರ ಕೂತ್ಕೊಂತು.

"ಕನ್ನಡಕದ ಅಂಗಡೀಲಿರೋದಂತಲ್ಲ. ನಮ್ಮಪ್ಪನ ಕನ್ನಡಕದ ಕಡ್ಡಿ ಸಡಿಲ ಆಗಿದೆ, ಸರಿ ಮಾಡ್ತೀರಾ?" ಅಂತ ಕೇಳ್ತು.

ಜೇಬಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇದ್ದೇ ಇರುತ್ತೆ. ಕನ್ನಡಕಾನ ಮೂಗಿಗೆ ತಾಗೋ ಹಾಗೆ ಹಿಡಿದು ತಿರುಪಿದೆ.

"ಮೂಸಿ ನೋಡಿ ರಿಪೇರಿ ಮಾಡೋರನ್ನ ಇವತ್ತೇ ನೋಡಿದ್ದು" ಅಂತ ಅವಳು ನಕ್ಲು. ಮುಖ ಕಾಣ್ಲಿಲ್ಲ. ಆ ನಗು ಕೇಳಿದ್ದೇ ಸಾಕಾಯ್ತು, ಇವಳೇ ಅನ್ನಿಸಿಬಿಡ್ತು.

"ಹೇಗೆ, ಹುಡುಗಿ ಒಪ್ಪಿಗೇನಾ?" ಅಂದ್ರು ಅವರಪ್ಪ.

ನನ್ನ ಆತುರಕ್ಕಿಷ್ಟು ಬೆಂಕಿ ಹಾಕ. "ಹಸಿರು ಸೀರೆಯವರು ಪೂರ್ತಿ ಒಪ್ಪಿಗೆ ಸಾರ್. ಮೊದಲು ನೀಲಿ ಸೀರೆಯವರು ಬಂದಾಗ ಹೆದರಿಬಿಟ್ಟಿದ್ದೆ, ತುಂಬಾ ವಯಸ್ಸಾದ ಹಾಗಿತ್ತು. ಅವರು ನಿಮ್ಮ ತಂಗಿ ಇರಬೇಕು, ಅಲ್ವಾ?"

ಅಕ್ಕ ತೊಡೆ ಚಿವುಟಿದ್ಲು.

"ಬಂದಿದ್ದು ಒಬ್ಬಳೇ ಕಣೋ ಮುಂಡೇದೇ! ಅದು ಡಬಲ್ ಶೇಡ್ ರೇಷ್ಮೆ ಸೀರೆ!"

ಗಡಬಡಿಸಿ ಕನ್ನಡಕ ಹಾಕ್ಕೊಂಡೆ. ಅಷ್ಟರಲ್ಲಿ ಅವಳು ಎದ್ದು ಹೋಗ್ತಿದ್ಲು. ಕಿಟಕಿ ದಾಟೋವಾಗ ಹಸಿರಾಗಿದ್ದ ಬೆನ್ನು ಟ್ಯೂಬ್‌ಲೈಟ್ ಕೆಳಗೆ ನೀಲಿಯಾಗಿ, ಒಳಗೆ ಹೋಗಿಬಿಡ್ತು. ಮುಖ ನಾನು ಕೊನೆಗೂ ನೋಡಲಿಲ್ಲ.

ಯಾರೂ ಹೋಗಿ ಅನ್ನಲಿಲ್ಲ. ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ಹೊರಗೆ ಬಂದ್ರೆ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ಬಿಸಿಲಿಗೆ ಗಾಜು ಮೆಲ್ಲಗೆ ಕಪ್ಪಾಯ್ತು. ಆ ಕನ್ನಡಕ ನನ್ನ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ಪಕ್ಕದ ಮನೆ ಅಂಕಲ್ ಕಾಂಪೌಂಡಿನಿಂದ ಬಗ್ಗಿ, ನನ್ನ ಕೆನ್ನೆ ಮೇಲಿನ ನೀರು ನೋಡಿ, "ಏನಪ್ಪಾ, ಮದ್ರಾಸ್ ಐನಾ?" ಅಂದ್ರು.

"ಹೌದು ಅಂಕಲ್," ಅಂದೆ. "ನೋಡ್ಬೇಡಿ, ಅಂಟ್ಕೊಳ್ಳುತ್ತೆ."