ನೂರ್ಮೈಯನ ಯುದ್ಧ, ನಮ್ಮೂರ ತಕರಾರು

ನಾನು ಒಂದು ಹೇಳಲು ಹೋಗುವುದು, ಊರು ಇನ್ನೊಂದನ್ನು ಹಿಡಿದುಕೊಂಡು ಜಗ್ಗಾಡುವುದು. ಹೆಣ್ಣುಮಕ್ಕಳ ಸಾಲಿಯ ಅಕ್ಕೋರಾಗಿ ಹಾನಗಲ್ಲಿನಲ್ಲಿ ಎರಡು ವರ್ಷ, ಹಿರೇಕೆರೂರಿನಲ್ಲಿ ಮೂರು ವರ್ಷ ಕಳೆದೆ. ಎಲ್ಲಿಯೂ ಇದು ತಪ್ಪಲಿಲ್ಲ. ಆದರೆ ಶಿಗ್ಗಾಂವಿಯಲ್ಲಿ ಆದದ್ದಕ್ಕೆ ಸಾಟಿಯಿಲ್ಲ. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಪಾಸಾದವಳು ನಾನು. ಶಿಗ್ಗಾಂವಿಗೆ ಬಂದು ಅದರಲ್ಲಿ ನಪಾಸಾದೆ.

ಧೋತರ

ಮಧ್ಯಾಹ್ನದ ಊಟವಾದ ಮೇಲೆ ಕಸೂತಿಯ ತಾಸು. ಹೊಟ್ಟೆ ತುಂಬ ರೊಟ್ಟಿ, ಕೈಯಲ್ಲಿ ಸೂಜಿ. ಅರ್ಧ ಹುಡುಗಿಯರು ತೂಕಡಿಸುತ್ತಿದ್ದರು, ಉಳಿದವರು ಬೆರಳಿಗೆ ಚುಚ್ಚಿಕೊಂಡು ‘ಯವ್ವಾ’ ಎನ್ನುತ್ತಿದ್ದರು. ಅವರನ್ನು ಎಚ್ಚರವಿಡಲು ಒಬ್ಬ ವೀರನನ್ನು ಹುಟ್ಟಿಸಿದೆ. ಹೆಸರು ನೂರ್ಮೈಯ. ಬೇಕಾದ ಪ್ರಾಣಿಯ ರೂಪ ತಾಳುತ್ತಾನೆ. ಏಳು ಕೋಟೆಯ ರಾಕ್ಷಸನನ್ನು ಕೊಂದು ರಾಜಕುಮಾರಿಯನ್ನು ಮದುವೆಯಾಗಬೇಕು. ದಿನಕ್ಕೊಂದು ರೂಪ, ದಿನಕ್ಕೊಂದು ಕಾಳಗ. ಕತೆ ಏನೂ ತ್ರಾಸಿಲ್ಲದೆ ವರ್ಷಗಟ್ಟಲೆ ಓಡುತ್ತದೆ ಎಂದುಕೊಂಡಿದ್ದೆ.

ಮೂರನೆಯ ದಿನವೇ ಐದನೇ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪನ ಹೊಲ ಹಿರೇಬೆಂಡಿಗೇರಿಯಲ್ಲಿ, ಮನೆ ಶಿಗ್ಗಾಂವಿಯಲ್ಲಿ. ಸಾಲಿಯಲ್ಲಿ ಎಲ್ಲರೂ ಅವಳನ್ನು ಬೆಂಡಿಗೇರಿ ಹುಡುಗಿ ಎಂದೇ ಕರೆಯುತ್ತಿದ್ದರು.

“ಅಕ್ಕೋರ, ಅಂವಾ ಹುಲಿ ಆದಾಗ ಉಟ್ಟ ಧೋತರ ಎಲ್ಲಿ ಹೋಗತೈತ್ರಿ?”

“ಮಾಯ ಆಗತೈತಿ.”

“ಮತ್ತ ಮನಷ್ಯಾ ಆದಾಗ?”

ನಾನು ಒರೆಸಿದ ಹಲಗೆಯನ್ನೇ ಮತ್ತೆ ಒರೆಸಿದೆ. ಇಡೀ ವರ್ಗ ತಲೆ ಬಗ್ಗಿಸಿ ಎಂದೂ ಇಲ್ಲದ ಶ್ರದ್ಧೆಯಿಂದ ಹೊಲಿಯತೊಡಗಿತು. ಸೀರೆಯ ಸೆರಗುಗಳೆಲ್ಲ ಬಾಯಿಗೆ ಬಂದಿದ್ದವು. ಹೆಗಲು ಮಾತ್ರ ಕುಣಿಯುತ್ತಿದ್ದವು.

ಮಾರನೆಯ ದಿನ ಕಾನೂನು ಮಾಡಿದೆ. ಒಂದು ರೂಪದಿಂದ ಇನ್ನೊಂದಕ್ಕೆ ಹೋಗುವಾಗ ನೂರ್ಮೈಯ ನಡುವೆ ಒಂದು ಉಸಿರಿನಷ್ಟು ಹೊತ್ತು ಮನುಷ್ಯನಾಗಲೇಬೇಕು. ಆ ಹೊತ್ತಿಗೆ ಧೋತರ ತಾನಾಗಿ ಸೊಂಟಕ್ಕೆ ಬಂದು ಕೂಡುತ್ತದೆ. ಬೆಂಡಿಗೇರಿ ಹುಡುಗಿ ಸ್ವಲ್ಪ ಯೋಚಿಸಿ ಒಪ್ಪಿದಳು.

“ಆಗಲಿರಿ. ಆದ್ರ ಅಂವಾ ಮೀನ ಆಗಿ ಬಂದ ದಿನ ಹಸಿ ಧೋತರ ಉಟಗೊಂಡ ಕಾಳಗ ಮಾಡಬೇಕು, ನೋಡ್ರಿ. ನೆಗಡಿ ಆಗತೈತಿ.”

ಎತ್ತು

ಈ ಹುಡುಗಿಯನ್ನು ಸಾಲಿ ಬಿಡಿಸಬೇಕೆಂದು ಅವಳ ಅಪ್ಪ ಅದಾಗಲೇ ತೀರ್ಮಾನಿಸಿದ್ದ. ನಾಲ್ಕನೇ ಇಯತ್ತೆ ಮುಗಿದಿದೆ, ಪತ್ರ ಓದಲು ಬರುತ್ತದೆ, ಇನ್ನೇನು ಬೇಕು? ಅವಳಿಗೆ ಏಳನೆಯದರ ತನಕ ಓದಿ ಮುಲ್ಕಿ ಪರೀಕ್ಷೆ ಕಟ್ಟುವ ಆಸೆ. ನನಗೆ ಅವಳಿಗಿಂತ ಹೆಚ್ಚು ಆಸೆ. ಏಕೆಂದರೆ ಆ ವರ್ಷ ಇಡೀ ಸಾಲಿಯಲ್ಲಿ ಯೋಚನೆ ಮಾಡುತ್ತಿದ್ದವಳು ಅವಳೊಬ್ಬಳೇ, ನನ್ನನ್ನೂ ಸೇರಿಸಿ ಲೆಕ್ಕ ಹಿಡಿದರೆ.

ಒಂದು ಮುಂಜಾನೆ ಅಪ್ಪ ಸಾಲಿಗೇ ಬಂದ. ಅಗಲ ಹೆಗಲಿನ ಆಳು, ತಲೆಗೆ ಪಟಕಾ. ಹೊಸಿಲ ಹೊರಗೇ ನಿಂತ. ‘ಬಂತು ಗಂಡಾಂತರ’ ಎಂದುಕೊಂಡು ನಾನೇ ಮೊದಲು ಬಾಯಿ ಹಾಕಿದೆ.

“ಬರ್ರಿ, ಕುಂಡ್ರಿ. ಮಗಳನ್ನ ಬಿಡಸಾಕ ಬಂದೀರೇನ?”

“ಅದನ್ನೂ ಮಾತಾಡೂನು. ಮೊದಲ ಇನ್ನೊಂದೈತ್ರಿ.” ಅವನು ಪಟಕಾ ಸರಿಮಾಡಿಕೊಂಡ, ಕೆಮ್ಮಿದ, ಗೋಡೆ ನೋಡಿದ. “ನಿನ್ನಿ ನೂರ್ಮೈಯ ಎತ್ತಾಗಿ ರಾಕ್ಷಸಗ ಹಾಯ್ದಾ ಅಂತ ಹೇಳೀರಂತ.”

“ಹೌದು.”

“ಎತ್ತು ಹಾಯೂದಿಲ್ರಿ.”

“ಇದು ಕತಿ...”

“ಕತಿ ಇದ್ರೇನಾತು, ಎತ್ತು ಎತ್ತ ಅಲ್ಲೇನ್ರಿ? ಹಾಯೂದು ಹೋರಿ. ಎತ್ತು ಪಾಪ ಹೇಳಿದಂಗ ಕೇಳಕೋತ ಹೊಲ ಉಳತೈತಿ. ಯಾಕಂದ್ರ ಅದಕ್ಕ... ಮತ್ತ... ನಿಮಗ ತಿಳೀತಲ್ರಿ.”

ತಿಳಿಯಿತು. ಕಾಲೇಜಿನಲ್ಲಿ ಕಲಿಸದಿದ್ದರೂ ತಿಳಿಯಿತು. ಈಗ ಗೋಡೆ ನೋಡುವ ಸರದಿ ನನ್ನದಾಯಿತು. ಅವನು ಪಾಪ, ನನ್ನ ಸಂಕಟ ಕಂಡು ದನಿ ತಗ್ಗಿಸಿ, ಮನೆಯ ಹಿರಿಯನಂತೆ ಬುದ್ಧಿ ಹೇಳಿದ:

“ಹೋರಿ ಮಾಡ್ರಿ ಅಕ್ಕೋರ. ಎತ್ತು ಮಾತ್ರ ಮಾಡಬ್ಯಾಡ್ರಿ. ಅಂವಂದು ಇನ್ನೂ ಲಗ್ನ ಆಗೋದೈತಿ ಅಂತೀರಿ.”

ಮಗಳನ್ನು ಬಿಡಿಸುವ ಮಾತು ಅಂದು ಅವನಿಗೆ ಮರೆತೇ ಹೋಯಿತು.

ಶೇರಾ

ಅದೇ ವಾರ ಸಾಲಿ ತಪಾಸಣೆಗೆ ಸಾಹೇಬರು ಬಂದರು. ಕೋಟು, ರುಮಾಲು, ಮೂಗಿನ ಮೇಲೆ ಕನ್ನಡಕ. ಲೆಕ್ಕ ಕೇಳಿದರು, ಹುಡುಗಿಯರು ಛಾವಣಿ ನೋಡಿದರು. ಭೂಗೋಳ ಕೇಳಿದರು, ಹುಡುಗಿಯರು ನೆಲ ನೋಡಿದರು. ಸಾಹೇಬರು ಬೇಸತ್ತು, “ಮತ್ತ ಏನ ಬರತದ ನಿಮಗ?” ಎಂದರು.

ಬೆಂಡಿಗೇರಿ ಹುಡುಗಿ ಎದ್ದಳು. “ನೂರ್ಮೈಯ ಬರತಾನ್ರಿ. ನಾಳಿ ಅಂವಾ ಬಾವಲಿ ಆಗಿ ಕ್ವಾಟಿ ಮ್ಯಾಲೆ ಹಾರತಾನ್ರಿ.”

ನಾನು ಕೂಡು ಎಂದು ಕಣ್ಸನ್ನೆ ಮಾಡಿದೆ. ಸಾಹೇಬರು ಪೂರ್ತಿ ಕತೆ ಹೇಳಿಸಿದರು. ನಡುವೆ ಎರಡು ಸಲ “ಮುಂದ?” ಎಂದರು. ಚಹಾ ಆರಿ ತಣ್ಣಗಾಯಿತು. ಕೊನೆಗೆ ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಬುಕ್ಕು ತರಿಸಿ ಬರೆದು ಹೊರಟುಹೋದರು. ‘ಮುಗಿಯಿತು ನನ್ನ ನೌಕರಿ’ ಎಂದುಕೊಂಡು ಬಿಚ್ಚಿದೆ. ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

‘ಗಣಿತ ಸಾಧಾರಣ. ಭೂಗೋಳ ಶೋಚನೀಯ. ಕಥಾನಾಯಕನು ಹಗಲುಹೊತ್ತಿನ ಯುದ್ಧಕ್ಕೆ ಬಾವಲಿಯಾಗುವುದು ಯುಕ್ತವಲ್ಲ, ಗಿಡುಗನಾಗತಕ್ಕದ್ದು. ಕೂಡಲೇ ಜಾರಿಗೆ ತರಬೇಕು.’

ಕುದುರೆ

ಸರಕಾರವೇ ಗಿಡುಗನ ಪರ ಹುಕುಮು ಮಾಡಿದೆ ಎಂದು ತಿಳಿದು ಹುಡುಗಿಯ ಅಪ್ಪ ಮೆತ್ತಗಾದ. ಆದರೂ ಪೂರ್ತಿ ಕರಗಲಿಲ್ಲ.

“ಧಾರವಾಡದಾಗ ಕಸೂತಿ ಪ್ರದರ್ಶನ ಐತಿ ಅಂದ್ರಲ್ಲ, ಅಲ್ಲೆ ಇಕಿ ಕೆಲಸ ಮೆಚ್ಚಿದ್ರ ಮುಂದ ಓದಲಿ. ಇಲ್ಲಂದ್ರ ಹಿರೇಕೆರೂರ ಕಡೀದೊಂದ ಮನಿತನ ಕೇಳಾಕತ್ತೈತಿ. ಹೆಣ್ಣ ತೋರಸತೇನಿ.”

ಹೀಗೆ ನಾನು, ಹುಡುಗಿ, ಅವಳ ಅಪ್ಪ ಮೂವರೂ ಹೊರಟೆವು. ಸವಣೂರಿನಲ್ಲಿ ನನ್ನ ಚಿಕ್ಕವ್ವನ ಮನೆಯಲ್ಲಿ ಒಂದು ದಿನ ಇಳಿದು, ಮಾರನೆಯ ಮುಂಜಾನೆ ಯಲವಿಗಿ ಸ್ಟೇಶನ್ನಿಗೆ ಟಾಂಗಾ ಹಿಡಿದೆವು. ಹುಡುಗಿಯ ತೊಡೆಯ ಮೇಲೆ ಹಾಳೆಯಲ್ಲಿ ಸುತ್ತಿದ ಕಸೂತಿಯ ಕುಬಸ. ಅದಕ್ಕೆ ಅವಳು ಎರಡು ತಿಂಗಳು ಕಣ್ಣು ಸವೆಸಿದ್ದಳು.

ಟಾಂಗಾದಲ್ಲಿ ಮತ್ತೆ ಅದೇ ತಕರಾರು. ಪ್ರಾಣಿಯಾದಾಗ ನೂರ್ಮೈಯನಿಗೆ ಬುದ್ಧಿ ಮನುಷ್ಯನದೇ ಇರುತ್ತದೆಯೋ, ಪ್ರಾಣಿಯದೇ ಬರುತ್ತದೆಯೋ? ಅಪ್ಪ ಮನುಷ್ಯನ ಬುದ್ಧಿಯ ಪಕ್ಷ. ಮಗಳು ಪ್ರಾಣಿಯ ಪಕ್ಷ.

“ಕುದರಿ ಆದ್ರ ಕುದರಿ ಅಂಜಿಕೀನೂ ಬರತೈತೆಪ್ಪಾ. ಕುದರಿ ಒಂದ ಹಾಳಿ ಹಾರಿದ್ರ ಬೆದರತೈತಿ. ಯುದ್ಧದಾಗ ಏನ ಮಾಡೀತು?”

ಟಾಂಗಾದವನು ಗಕ್ಕನೆ ಲಗಾಮು ಎಳೆದು ಗಾಡಿ ನಿಲ್ಲಿಸಿದ. “ಏ ಬೇಟಿ! ಯಾವ ಕುದರಿ ಬೆದರತೈತಿ? ಇದರ ಮುತ್ತ್ಯಾ ನವಾಬರ ಲಾಯದಾಗ ಇದ್ದದ್ದು. ತೋಪ ಹಾರಿದ್ರೂ ಕಿವಿ ಅಳ್ಳಾಡಸೂದಿಲ್ಲ!”

“ಹಾಳಿಗೆ?”

“ಹಾಳಿ? ತಾ ಇಲ್ಲೆ!”

ನಾನು “ಬ್ಯಾಡ್ರಿ” ಎನ್ನುವಷ್ಟರಲ್ಲಿ ಅವನು ಕುಬಸದ ಮೇಲಿನ ಹಾಳೆ ಕಿತ್ತುಕೊಂಡು, ಕೆಳಗಿಳಿದು, ಕುದುರೆಯ ಮೂಗಿನ ಮುಂದೆ ಫಡಫಡ ಆಡಿಸಿದ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಆಕಾಶ ಒಮ್ಮೆ ಕೆಳಗೆ ಬಂತು. ಅಪ್ಪ ಕುಲದೇವರನ್ನೆಲ್ಲ ಕರೆದ. ಹುಡುಗಿ ಒಂದು ಕೈಯಿಂದ ಕುಬಸ, ಒಂದು ಕೈಯಿಂದ ನನ್ನ ಜಡೆ ಹಿಡಿದುಕೊಂಡು “ಗೆದ್ದೆ! ನಾ ಗೆದ್ದೆ ಎಪ್ಪಾ!” ಎಂದು ಕೂಗುತ್ತಿದ್ದಳು. ಟಾಂಗಾ ಗರಕ್ಕನೆ ತಿರುಗಿ, ಬಂದ ದಾರಿಯಲ್ಲೇ ವಾಪಸು ಓಡಿ, ಸವಣೂರಿನಲ್ಲಿ ತನ್ನ ಲಾಯದ ಬಾಗಿಲಿಗೆ ಬಂದು ನಿಂತಿತು. ಯಾರಿಗೂ ಒಂದು ಗೀರು ಗಾಯವಿಲ್ಲ. ದೂರದಲ್ಲಿ ನಾವು ಹಿಡಿಯಬೇಕಿದ್ದ ರೈಲಿನ ಸಿಳ್ಳು ಮಾತ್ರ ಕೇಳಿಸಿತು.

ಬಹಳ ಹೊತ್ತಿನ ಮೇಲೆ ಟಾಂಗಾದವನು ಏದುತ್ತ ಓಡಿಬಂದ. ಕುದುರೆಯ ಕುತ್ತಿಗೆ ತಟ್ಟಿ ನಮ್ಮತ್ತ ತಿರುಗಿ, ಎದೆ ಸೆಟೆಸಿ ಹೇಳಿದ:

“ಬೆದರಿಲ್ಲ ಬಾಯಿಸಾಬ. ಯುದ್ಧ ಶುರು ಆತು ಅಂತ ಮನಿಗೆ ಸುದ್ದಿ ಮುಟ್ಟಸಾಕ ಬಂದೈತಿ.”

ಮುಂಗುಸಿ

ಪ್ರದರ್ಶನ ತಪ್ಪಿತು. ಮಾತಿನ ಪ್ರಕಾರ ಅಪ್ಪ ಹಿರೇಕೆರೂರಿನವರಿಗೆ ಬರಹೇಳಿದ. ಹುಡುಗಿ ಎರಡು ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಡೀ ವರ್ಗದಲ್ಲಿ ಸೂಜಿಯ ಸಪ್ಪಳ ಮಾತ್ರ. ನನ್ನ ನೂರ್ಮೈಯ ಹಾವಾಗಿ ಏಳನೆಯ ಕೋಟೆಯ ಬಿಲದೊಳಗೆ ಹೋದವನು ಅಲ್ಲಿಯೇ ಕುಳಿತ. ಅವನನ್ನು ಮುಂದೆ ಸಾಗಿಸಲು ನನಗೆ ಮನಸ್ಸೇ ಬರಲಿಲ್ಲ.

ಹೆಣ್ಣು ನೋಡುವ ದಿನ ಅಪ್ಪ ನನ್ನನ್ನೂ ಕರೆದ. “ಹುಡಿಗಿ ಶಾಣ್ಯಾ, ಆದ್ರ ಮಾತ ಕಡಿಮಿ ಅಂತ ನೀವೊಂದ ಮಾತ ಹೇಳಬೇಕ್ರಿ.” ಅಷ್ಟು ದೊಡ್ಡ ಸುಳ್ಳನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ತಾಲೀಮು ಮಾಡುತ್ತ ಹೋದೆ.

ಜಮಖಾನೆಯ ಮೇಲೆ ವರನ ಅಪ್ಪ, ವರನ ಸೋದರಮಾವ, ನಡುವೆ ವರ. ಹುಡುಗಿ ಅವಲಕ್ಕಿಯ ತಾಟು ತಂದಳು. ನಡೆಸಿ ನೋಡಿದರು, ಸೂಜಿಗೆ ದಾರ ಪೋಣಿಸಲು ಹಚ್ಚಿದರು. ಆಮೇಲೆ ವರನ ಅಪ್ಪ ದೊಡ್ಡ ಮನಸ್ಸಿನಿಂದ ಕೇಳಿದ:

“ಸಾಲಿಯೊಳಗ ಈಗ ಏನ ಕಲ್ಯಾಕತ್ತೀಯವ್ವಾ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು. ಸೂಜಿ ಕೈಯಲ್ಲೇ ಇತ್ತು.

“ನೂರ್ಮೈಯ ಅಂತ ಒಬ್ಬ ವೀರ ಅದಾನ್ರಿ. ಬೇಕಾದ ಪ್ರಾಣಿ ಆಗತಾನು. ಆದ್ರ ಒಂದ ರೂಪದಿಂದ ಇನ್ನೊಂದಕ್ಕ ಹೋಗೂ ಮುಂದ ನಡುವ ಮನಷ್ಯಾ ಆಗಾಕಬೇಕ್ರಿ. ಈಗ ಹಾವಾಗಿ ಬಿಲದಾಗ ಅದಾನು. ಅಲ್ಲೆ ರಾಕ್ಷಸಂದು ಒಂದ ಮುಂಗುಸಿ ಬಂದು ಇವನ ತಲಿ ಬಾಯಾಗ ಹಿಡೀತು ಅನ್ರಿ. ಅವಾಗ ಇಂವಾ ಮನಷ್ಯಾ ಆದ್ರ ಮುಂಗುಸಿ ಬಾಯಿ ಹರೀತೈತೋ, ಇವನ ತಲಿ ಅಷ್ಟ ಸಣ್ಣದ ಉಳೀತೈತೋ?”

ಮುಂಗುಸಿಯನ್ನು ನಾನು ಹುಟ್ಟಿಸಿರಲಿಲ್ಲ. ಎರಡು ದಿನ ಸುಮ್ಮನೆ ಕುಳಿತು ಅವಳು ಮಾಡಿದ ಕೆಲಸ ಅದು!

ಹುಡುಗಿಯ ಅಪ್ಪ ಹಣೆಗೆ ಕೈ ಹಚ್ಚಿದ. ವರನ ಅಪ್ಪ ಬಾಯಿಗೆ ಒಯ್ದ ಅವಲಕ್ಕಿಯನ್ನು ವಾಪಸು ತಾಟಿಗೆ ಹಾಕಿದ.

“ತಲಿ ಸಣ್ಣದ ಉಳೀತೈತಿ. ಹಿಡದದ್ದನ್ನ ಮುಂಗುಸಿ ಬಿಡೂದಿಲ್ಲ.”

“ಏನ ಮಾತ ಆಡತೀರಿ ಭಾವಾರ!” ಸೋದರಮಾವ ಮೊಣಕಾಲ ಮೇಲೆ ಎದ್ದ. “ಕುಂಬಳಕಾಯಿಯಷ್ಟ ತಲಿ ಒಳಗಿಂದ ಉಬ್ಬಿದ್ರ ಬಾಯಿ ಹರೀದ ಇರತೈತೇನು?”

“ನೀ ಮುಂಗುಸಿ ನೋಡೀಯೇನ?”

“ನೀವು ತಲಿ ನೋಡೀರೇನ?”

“ಯಾರ ತಲಿ? ನನ್ನ ತಲಿಗೆ ಹೋಲಸತೀಯೇನ?”

ಪಟಕಾಗಳು ಸಡಿಲಾದವು. ಹುಡುಗಿಯ ಅಪ್ಪ ಜಗಳ ಬಿಡಿಸಲು ಹೋದವನು, “ಅಲ್ರಿ, ಅಂವಾ ಹಾವಿನಿಂದ ಸಣ್ಣ ಇರಿವಿ ಆಗಿ ಹೊರಗ ಬರಬಹುದಲ್ರಿ” ಎಂದುಬಿಟ್ಟ. ಇಬ್ಬರೂ ಒಟ್ಟಿಗೆ ತಿರುಗಿ, “ನಡುವ ಮನಷ್ಯಾ ಆಗಬೇಕಂತ ಹುಡಿಗಿ ಹೇಳಿಲ್ಲೇನು? ಕಿವಿ ಇಲ್ಲೇನ ನಿಮಗ?” ಎಂದು ಗದರಿದರು.

ಕೊನೆಗೆ ವರನ ಅಪ್ಪ ಮಗನ ಹೆಗಲು ಹಿಡಿದು ಅಲುಗಿಸಿದ. “ನೀ ಹೇಳೋ! ಬಾಯೋ, ತಲೀಯೋ?”

ಅಲ್ಲಿಯ ತನಕ ಜಮಖಾನೆಯ ಬಣ್ಣ ಎಣಿಸುತ್ತಿದ್ದ ವರ ಒಮ್ಮೆ ಹುಡುಗಿಯನ್ನು ನೋಡಿದ, ಒಮ್ಮೆ ಸೋದರಮಾವನನ್ನು ನೋಡಿದ. “ಬಾಯಿ ಹರೀತೈತೆಪ್ಪಾ,” ಎಂದ.

ಮುಗಿಯಿತು! ಒಂದೇ ಬಂಡಿಯಲ್ಲಿ ಬಂದವರು, ತಲೆಯ ಪಕ್ಷ ಬಂಡಿಯಲ್ಲಿ, ಬಾಯಿಯ ಪಕ್ಷ ಮೋಟರಿನಲ್ಲಿ ಊರಿಗೆ ಹೋದರು. ಹೆಣ್ಣು ಒಪ್ಪಿಗೆಯೋ ಅಲ್ಲವೋ ಎಂದು ಹೇಳುವುದನ್ನು ಇಬ್ಬರೂ ಮರೆತರು. ಹುಡುಗಿ ಮಾರನೆಯ ದಿನ ಸಾಲಿಗೆ ಬಂದಳು. ಆದರೆ ಎಷ್ಟು ದಿನ? ಹಿರೇಕೆರೂರಿನಿಂದ ‘ಹೂಂ’ ಎಂದು ಒಂದು ಪತ್ರ ಬಂದರೆ ಆಯಿತು.

ಹದಿನೈದು ದಿನಕ್ಕೆ ಬಂದೇಬಂತು. ಹುಡುಗಿಯ ಅಪ್ಪ ಅದನ್ನು ಹಿಡಿದು ಸೀದಾ ಸಾಲಿಗೆ ಬಂದ. ಅವನಿಗೆ ಓದು ಬಾರದು. ನನ್ನ ಕಡೆ ಚಾಚಿದ. ಹುಡುಗಿಯೇ ತೆಗೆದುಕೊಂಡು ಓದಿದಳು:

‘ಕ್ಷೇಮ. ತರುವಾಯ, ಹೆಣ್ಣಿನ ಮಾತು ಆಮೇಲೆ ಆಡೋಣ. ನನ್ನ ಹೆಂಡತಿಯ ತಮ್ಮ ಅಂದಿನಿಂದ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಮಗ ನನ್ನ ಎದುರು ಊಟಕ್ಕೆ ಕೂಡುವುದಿಲ್ಲ. ಹೆಂಡತಿ ತಮ್ಮನ ಪಕ್ಷ ಹಿಡಿದು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ. ಕಾರಣ ಬಾಯಿ ಹರಿಯಿತೋ, ತಲೆ ಸಣ್ಣದಾಯಿತೋ ಎಂಬುದನ್ನು ಅಕ್ಕೋರನ್ನು ಕೇಳಿ ಕೂಡಲೇ ತಿಳಿಸಬೇಕು.’

ಪಾಪ, ಒಂದು ಮನೆ ಒಡೆಯುತ್ತಿದೆ! ಏನಾದರೊಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹುಡುಗಿಯ ಅಪ್ಪ ಎರಡೂ ಕೈ ಎತ್ತಿ ತಡೆದ.

“ತಡೀರಿ ಅಕ್ಕೋರ, ಹೇಳಬ್ಯಾಡ್ರಿ!”

ವರ್ಗದ ನಡುವೆಯೇ ಚಕ್ಕಳಮಕ್ಕಳ ಹಾಕಿ ಕುಳಿತು, ಪಟಕಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮಗಳ ಕಡೆ ತಿರುಗಿದ.

“ಬರಿಯವ್ವಾ: ಆ ಪಾಠ ಏಳನೇ ಇಯತ್ತೆದಾಗ ಬರತೈತಿ. ನಾವಿನ್ನೂ ಐದನೇ ಇಯತ್ತೆದಾಗ ಅದೇವಿ.”