ಆಮೆನ್‌ವರೆಗೆ ಮುಟ್ಟದ ಪ್ರಾರ್ಥನೆಗಳು

ಮಾತು ಜಾಸ್ತಿಯಾದರೆ ಫಜೀತಿ ಅಂತಾರೆ. ನನಗೆ ಮಾತ್ರ ಈವರೆಗಿನ ಎಲ್ಲ ಫಜೀತಿಯೂ ಸುಮ್ಮನೆ ಕೂತದ್ದರಿಂದಲೇ ಆಗಿದೆ, ಇನ್ನೂ ಆಗುತ್ತಲೇ ಇದೆ.

ರಾಯಚೂರಿನ ಸ್ಟೇಷನ್ ಕಡೆ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ. ತಗಡಿನ ಚಾವಣಿ, ಎರಡು ಫ್ಯಾನು, ಒಂದು ಕೀಬೋರ್ಡು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ದೇವರ ಜೊತೆ ಮನಸ್ಸಿನೊಳಗೆ ದಿನಾ ಮಾತಾಡುತ್ತೇನೆ, ಇಂಗ್ಲಿಷಿನಲ್ಲಿ, ಧಾರಾಳವಾಗಿ. ಆದರೆ ನಾಲ್ಕು ಜನರ ಮುಂದೆ, ಕನ್ನಡದಲ್ಲಿ, ದನಿ ತೆಗೆದು ಪ್ರಾರ್ಥನೆ ಮಾಡು ಅಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಮ್ಮವರಲ್ಲಿ ಯಾರ ಮನೆಗೆ ಹೋದರೂ ಚಹಾ ಕುಡಿದು ಹಾಗೇ ಎದ್ದು ಬರುವ ಪದ್ಧತಿಯಿಲ್ಲ. ಯಾರಾದರೊಬ್ಬರು ಪ್ರಾರ್ಥನೆ ಮಾಡಿಯೇ ಏಳಬೇಕು. ಆ ಒಬ್ಬರು ನಾನಾಗದಂತೆ ನೋಡಿಕೊಳ್ಳುವುದೇ ನನಗೊಂದು ಕೆಲಸವಾಗಿತ್ತು.

ಹೀಗಿರುವಾಗ ಸಂಡೆ ಸ್ಕೂಲಿನ ಸಣ್ಣ ಮಕ್ಕಳ ಕ್ಲಾಸಿಗೆ ಟೀಚರ್ ಬೇಕಾದರು. ಆ ಕ್ಲಾಸು ನನಗೆ ಬೇಕೇ ಬೇಕಿತ್ತು. ಮಕ್ಕಳ ಮುಂದೆ ನನಗೆ ಯಾವ ನಾಚಿಕೆಯೂ ಇಲ್ಲ. ಕೇಳಿದೆ. ಅಂದರೆ ಸಭೆ ನೋಡಿಕೊಳ್ಳುವ ಪಾಸ್ಟರಮ್ಮನಿಗೆ ವಾಟ್ಸಾಪ್ ಮೆಸೇಜ್ ಹಾಕಿದೆ. ಅವರು ಮೆಸೇಜ್ ಹಾಕದೆ ನೇರ ಮನೆಗೇ ಬಂದರು.

“ಕ್ಲಾಸು ನಿಂದೇ ತಂಗಿ. ಆದ್ರ ಮೊದಲ ಒಂದ್ ಸಲ ಎಲ್ಲಾರ ಮುಂದ ಬಾಯಿ ಬಿಟ್ಟು ಪ್ರಾರ್ಥನಿ ಮಾಡಿ ಆಮೆನ್ ಅನಬೇಕು. ನೀನ ಬಾಯಿ ಬಿಡಲಿಲ್ಲಂದ್ರ ಮಕ್ಕಳಿಗೆ ಏನ್ ಕಲಸ್ತಿ?”

ಅವತ್ತು ಶುರುವಾದ ತಳಮಳ. ಶುಕ್ರವಾರ ಬಂತೆಂದರೆ ದುಪಟ್ಟಾದ ತುದಿ ಹಿಂಡಿ ಹಿಂಡಿ ಹಗ್ಗವಾಗುತ್ತಿತ್ತು.

ಸುತ್ತು

ಶುಕ್ರವಾರ ನಮ್ಮ ಹೆಂಗಸರ ಕೂಟ. ಚಾಪೆಯ ಮೇಲೆ ಸುತ್ತಲೂ ಕೂರುವುದು, ಕಣ್ಣು ಮುಚ್ಚುವುದು, ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸುವುದು. ಪಕ್ಕದವರ ಆಮೆನ್ ಬಿತ್ತೆಂದರೆ ನಮ್ಮ ಸರದಿ. ಬಸ್ಸಿನಲ್ಲಿ ಕಂಡಕ್ಟರ್ ಒಂದೊಂದೇ ಸೀಟು ದಾಟಿ ಹತ್ತಿರ ಬರುವಾಗ, ಆಧಾರ್ ಕಾರ್ಡು ಮನೆಯಲ್ಲೇ ಬಿಟ್ಟದ್ದು ನೆನಪಾದರೆ ಹೇಗಾಗುತ್ತದೋ ಹಾಗಾಗುತ್ತಿತ್ತು ನನಗೆ.

ಒಂದು ಶುಕ್ರವಾರ ಉಪಾಯ ಹೊಳೆಯಿತು. ಎಲ್ಲರ ಕಣ್ಣೂ ಮುಚ್ಚಿವೆಯಲ್ಲ? ಸದ್ದಾಗದಂತೆ ಎದ್ದು, ಚಪ್ಪಲಿಗಳನ್ನು ದಾಟಿ, ಸುತ್ತಿನ ಆ ಬದಿಗೆ ಹೋಗಿ, ಎಲ್ಲರಿಗಿಂತ ಮೊದಲು ಪ್ರಾರ್ಥನೆ ಮುಗಿಸಿದವರ ಆಚೆ ತುದಿಗೆ ಕೂತೆ. ಜೀವ ತಣ್ಣಗಾಯಿತು. ಭಕ್ತಿಯಿಂದ ಕಣ್ಣು ಮುಚ್ಚಿದೆ.

ಸುತ್ತು ಮುಗಿಯಿತು. ಪಾಸ್ಟರಮ್ಮ ಕಣ್ಣು ತೆರೆಯದೆಯೇ ಅಂದರು: ಯಾಕೋ ಇವತ್ತು ಎಲ್ಲರದೂ ಸಣ್ಣದಾಯಿತು, ಇನ್ನೊಂದು ಸುತ್ತು ಆಗಲಿ, ಮತ್ತೆ ಆ ತುದಿಯಿಂದಲೇ ಶುರುಮಾಡಿ.

ಆ ತುದಿ ಈಗ ನಾನು. “ತಂ… ತಂದೆಯೇ” ಅಂದೆ. ಬೇರೆ ದಾರಿ ಕಾಣದೆ ಕೆಮ್ಮಿದೆ. ಒಬ್ಬರು ನೀರು ತಂದರು, ಒಬ್ಬರು ಬೆನ್ನು ನೀವಿದರು, ಉಳಿದವರೆಲ್ಲ ಸೇರಿ ಆ ಸುತ್ತು ಪೂರ್ತಿ ನನ್ನ ಕೆಮ್ಮಿಗಾಗಿಯೇ ಪ್ರಾರ್ಥಿಸಿದರು. ಮುಂದಿನ ಶುಕ್ರವಾರ, ಇಲ್ಲದ ಆ ಕೆಮ್ಮು ಪೂರ್ತಿ ವಾಸಿಯಾದದ್ದಕ್ಕೆ ಇನ್ನೊಂದು ಸುತ್ತು ಸ್ತೋತ್ರ.

ವಿಳಾಸ

ಮನೆಯಲ್ಲಿ ರೂಢಿ ಮಾಡಿಕೊ ಅಂದಳು ಅವ್ವ. ರಾತ್ರಿ ಊಟದ ಪ್ರಾರ್ಥನೆ ನನಗೇ ಬಿಟ್ಟರು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ದಿನವಿಡೀ ದುಡಿದು ಬರುವವನು. ಮುಂದೆ ಬಿಸಿ ರೊಟ್ಟಿ, ಪುಂಡಿಪಲ್ಯ. ಅಪ್ಪ ಕಣ್ಣು ಮುಚ್ಚಿದ.

ಸಭೆಯಲ್ಲಿ ಹಿರಿಯರು ಹೇಗೆ ಶುರುಮಾಡುತ್ತಾರೋ ಹಾಗೇ ಶುರುಮಾಡಿದೆ. ಪರಲೋಕದಲ್ಲಿರುವ ತಂದೆಯೇ, ಸರ್ವಶಕ್ತನೇ, ಕರುಣಾಮಯನೇ, ಭೂಮ್ಯಾಕಾಶಗಳನ್ನು ಉಂಟುಮಾಡಿದವನೇ. ಮುಂದೆ ಏನು ಕೇಳಬೇಕೆಂದು ತಿಳಿಯದೆ ಮತ್ತೆ ಪರಲೋಕಕ್ಕೇ ಹೋದೆ. ಅಲ್ಲಿಂದ ಇಳಿಯಲು ದಾರಿ ಸಿಗಲಿಲ್ಲ. ರೊಟ್ಟಿ ಆರಿ ಹಪ್ಪಳವಾಗುತ್ತಿದ್ದದ್ದು ಬಿಸಿ ವಾಸನೆ ಇಳಿದದ್ದರಲ್ಲೇ ಗೊತ್ತಾಗುತ್ತಿತ್ತು.

ಅಪ್ಪ ತಾನೇ ಆಮೆನ್ ಅಂದು ರೊಟ್ಟಿ ಮುರಿದ.

“ಯವ್ವಾ, ವಿಳಾಸ ಚಲೋ ಬರ್ದಿ,” ಅಂದ. “ಕಾಗದದಾಗ ಏನೂ ಬರಿಲಿಲ್ಲ.”

ಮಾನ್ವಿಯ ಗ್ಲಾಸು

ಶಿಷ್ಯತ್ವ ಅಂತ ಪಾಸ್ಟರಮ್ಮ ಪಾಠ ಮಾಡುತ್ತಿದ್ದ ದಿನಗಳವು. ವಾರಕ್ಕೊಂದು ಗುಣ: ಒಂದು ವಾರ ತಾಳ್ಮೆ, ಒಂದು ವಾರ ಸೌಮ್ಯತೆ. ಒಮ್ಮೆ ಅವರು ಕೊಟ್ಟ ಹೋಂವರ್ಕು ಏನೆಂದರೆ, ಯಾರಿಗೂ ತಿಳಿಯದಂತೆ ಒಂದು ಒಳ್ಳೆಯ ಕೆಲಸ ಮಾಡಬೇಕು, ಹೇಳಿಕೊಳ್ಳಬಾರದು.

ಆ ವಾರ ಸಭೆಗೆ ಬಂದ ಚಡಪಡಿಕೆ ಯಾವ ಸೌಮ್ಯತೆಗೂ ಇಳಿಯಲಿಲ್ಲ. ಎಲ್ಲರ ಬಾಯಲ್ಲೂ ಏನೋ ಇದೆ, ಯಾರೂ ಬಿಡುವಂತಿಲ್ಲ. ಮಾನ್ವಿಯಲ್ಲಿ ಒಬ್ಬರ ಮನೆ ಕೂಟಕ್ಕೆ ಹೋದಾಗ ನಮ್ಮ ಸಭೆಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. “ನಾನೂ ಒಂದು ಮಾಡೀನ್ರಿ. ಏನಂತ ಕೇಳಬ್ಯಾಡ್ರಿ,” ಅಂದರು. ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಒಬ್ಬರರೆ ಕೇಳಬೇಕಿತ್ತು ಬಿಡ್ರಿ,” ಅಂತ ಕಿಟಕಿ ಕಡೆ ಮುಖ ಮಾಡಿದರು.

ನನ್ನ ಗುಪ್ತಸೇವೆ ಅಡುಗೆಮನೆಯಲ್ಲಿ ನಡೆದಿತ್ತು. ಚಹಾದ ಗ್ಲಾಸು ತೊಳೆಯುತ್ತ ಕೂತರೆ ಪ್ರಾರ್ಥನೆಗೆ ಯಾರೂ ಕರೆಯುವುದಿಲ್ಲ, ಮೇಲೆ ಪುಣ್ಯಾತಗಿತ್ತಿ ಅನ್ನಿಸಿಕೊಳ್ಳಬಹುದು. ತೊಳೆದೆ. ಒರೆಸಿದೆ. ಒಳಗೆ ಇನ್ನೂ ಕೂಟ ನಡೆದಿತ್ತು, ಹಾಗಾಗಿ ಮತ್ತೆ ತೊಳೆದೆ. ಆಮೇಲೆ ಗೂಡಿನಲ್ಲಿ ಒಣಗಿ ಕೂತಿದ್ದ, ಯಾರೂ ಕುಡಿಯದ ಗ್ಲಾಸುಗಳನ್ನೂ ಇಳಿಸಿದೆ.

ಹಿಂದೆ ಬಾಗಿಲಲ್ಲಿ ಪಾಸ್ಟರಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಸಾಕು ತಂಗಿ. ಗ್ಲಾಸಿಗೆ ಎಷ್ಟ್ ಸಲ ದೀಕ್ಷಾಸ್ನಾನ ಕೊಡ್ತಿ?”

ದೇವದುರ್ಗದ ಅಜ್ಜಿ

ದೇವದುರ್ಗದಲ್ಲಿ ಒಬ್ಬ ಅಜ್ಜಿ. ಈಗೀಗ ಆ ಊರಿನ ಮನೆ ಕೂಟಕ್ಕೆ ಹೋಗತೊಡಗಿದ್ದಳು, ಮೊಣಕಾಲು ನೋವು ಜಾಸ್ತಿಯಾಗಿ ನಿಲ್ಲಿಸಿದ್ದಳು. ಅವಳಿಗಾಗಿ ಪ್ರಾರ್ಥಿಸಲು ಪಾಸ್ಟರಮ್ಮ ಹೊರಟರು, ನನ್ನನ್ನೂ ಎಳೆದುಕೊಂಡರು. ಇವತ್ತು ನೀನೇ ಮಾಡಬೇಕು, ಮಕ್ಕಳ ಕ್ಲಾಸು ಇನ್ನೂ ಖಾಲಿ ಕೂತಿದೆ ಅಂತ ಬಸ್ಸಿನಲ್ಲೇ ಹೇಳಿದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿದೆ, ಪ್ರತಿ ಹಂಪ್‌ಗೂ ಅದು ಚೆದುರಿತು.

ಮನೆಯಲ್ಲಿ ಅಜ್ಜಿ, ಅವಳ ಸೊಸೆ. ಹೆಸರೇನವಾ ಅಂತ ಅಜ್ಜಿ ಕೇಳಿದಳು, ನಾನು ನಕ್ಕೆ, ಪಾಸ್ಟರಮ್ಮ ಹೇಳಿದರು. ನೀರು ಬೇಕಾ ಅಂದಳು, ತಲೆ ಆಡಿಸಿದೆ. ಊಟ ಮಾಡ್ತೀಯಾ ಅಂದಳು, ಕೈಯಲ್ಲೇ ಬೇಡ ಅಂದೆ. ಅಷ್ಟರಲ್ಲಿ ಪಾಸ್ಟರಮ್ಮ ಪಕ್ಕದ ಮನೆಯವರನ್ನೂ ಕರೆದು ಬರುತ್ತೇನೆಂದು ಹೊರಗೆ ಹೋದರು.

ಅಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಸೊಸೆಯ ಕಿವಿಯಲ್ಲಿ, ಬೀದಿಗೆಲ್ಲ ಕೇಳುವಷ್ಟು ಮೆಲ್ಲಗೆ, “ಪಾಪ, ಹುಟ್ಟಿದಾಗಿಂದ ಮೂಕಿ ಇರಬೇಕು,” ಅಂದಳು.

ಅಲ್ಲ ಅನ್ನಲು ಬಾಯಿ ತೆರೆದೆ. ದನಿ ಬರುವ ಮೊದಲೇ ಅಜ್ಜಿಯ ಕೈ ನನ್ನ ನೆತ್ತಿಯ ಮೇಲೆ ಬಂತು. ಸೊಸೆಯ ಕೈ ಬೆನ್ನಿಗೆ. ಅಜ್ಜಿ ಕಣ್ಣು ಮುಚ್ಚಿದಳು. ಅವಳ ಪ್ರಾರ್ಥನೆಗೆ ವಿಳಾಸವೇ ಇರಲಿಲ್ಲ.

“ಯೇಸಪ್ಪಾ, ನನ್ನ ಮೊಣಕಾಲು ಆಮ್ಯಾಲ ನೋಡ್ಕೊಳ್ಳೋಣು. ಮೊದಲ ಈ ಕೂಸಿಗೆ ಬಾಯಿ ಕೊಡು. ನಾಳಿ ಅತ್ತಿ ಮನಿಗೆ ಹೋದ್ರ ಜಗಳಾಡಾಕರೆ ಬಾಯಿ ಬೇಕಲ್ಲಪ್ಪಾ. ನೀ ಕೊಡೋತನ ನಾ ಕೈ ತೆಗಿಯಂಗಿಲ್ಲ.”

ಅಜ್ಜಿ ಹೇಳಿದಂತೆ ನಡೆಯುವವಳು ಅಂತ ಆ ಕೈಯ ಭಾರದಲ್ಲೇ ತಿಳಿಯಿತು. ನನ್ನ ಪರಿಸ್ಥಿತಿ ಯೋಚಿಸಿ. ಮಾತಾಡಿದರೆ ಅದ್ಭುತ. ಮಾತಾಡದಿದ್ದರೆ ಅವಳು ನಿಲ್ಲಿಸುವುದಿಲ್ಲ, ರಾಯಚೂರಿನ ಬಸ್ಸು ನಿಲ್ಲುವುದಿಲ್ಲ.

“ಯವ್ವಾ, ನನಗ ಮಾತು ಬರ್ತದ್ರೀ.”

ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. ಅಜ್ಜಿ ದೇವರಿಗೆ ಸ್ತೋತ್ರ ಅಂತ ಕೂಗಿದಳು, ಆ ದನಿಗೆ ಓಣಿಯೇ ಬಾಗಿಲಿಗೆ ಬಂತು. ಮೊದಲಿನಿಂದಲೂ ಬರುತ್ತದೆ, ನಾಚಿಕೆಗೆ ಸುಮ್ಮನಿದ್ದೆ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅಜ್ಜಿಯ ಕಣ್ಣಲ್ಲಿ ನೀರು. “ಎಷ್ಟ್ ಸ್ವಚ್ಛ ಮಾತಾಡ್ತದ ನೋಡ್ರಿ,” ಅಂತ ಬಂದವರಿಗೆಲ್ಲ ತೋರಿಸಿದಳು.

ಮರಳುವ ಬಸ್ಸಿನಲ್ಲಿ ಪಾಸ್ಟರಮ್ಮ ಸೆರಗು ಬಾಯಿಗಿಟ್ಟು ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾದರು. ದೇವರು ಮಾಡಿದ ಅದ್ಭುತಕ್ಕೆ ಸಭೆಯ ಮುಂದೆ ಸಾಕ್ಷಿ ಹೇಳಲು ಅಜ್ಜಿ ಭಾನುವಾರ ರಾಯಚೂರಿಗೇ ಬರುತ್ತಾಳಂತೆ. ದೇವರ ಹೆಸರಲ್ಲಿ ಆಗದ್ದು ಆಯಿತು ಅನ್ನಬಾರದು, ನಿಜ ನೀನೇ ಎದ್ದು ಹೇಳಬೇಕು, ನಾನು ಹೇಳುವುದಿಲ್ಲ ಅಂದರು.

ಆ ವಾರ ನಿದ್ದೆಯೂ ಇಲ್ಲ, ಊಟವೂ ಇಲ್ಲ. ಅಪ್ಪ ಮಾತ್ರ, ಪ್ರಾರ್ಥನೆ ತಾನೇ ಮಾಡಿ, ಬಿಸಿ ರೊಟ್ಟಿ ಉಂಡ.

ಭಾನುವಾರ ಅಜ್ಜಿ ಕೋಲೂರಿಕೊಂಡು, ಸೊಸೆಯ ಹೆಗಲು ಹಿಡಿದು ಬಂದೇಬಿಟ್ಟಳು. ನಿಲ್ಲಲಾಗದೆ ಕುರ್ಚಿಯಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಸಭೆಯವರಿಗೆ ನಗಬೇಕೋ ಬೇಡವೋ ತಿಳಿಯದೆ ಎಲ್ಲರೂ ನನ್ನತ್ತ ತಿರುಗಿದರು. ಕಾಲು ತಾನಾಗಿ ಬಾಗಿಲ ಕಡೆ ಹೊರಳಿತು. ಆಗ ಅಜ್ಜಿಯ ಮೊಣಕಾಲು ಕಣ್ಣಿಗೆ ಬಿತ್ತು, ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದು. ಆ ನೋವಿನಲ್ಲಿ ಬಸ್ಸು ಹತ್ತಿ ಬಂದಿದ್ದಾಳೆ, ನನ್ನ ಸಲುವಾಗಿ.

ಎದ್ದೆ. ನಾನು ಮೂಕಿಯಲ್ಲ, ಅಂಜುಬುರುಕಿ ಅಂದೆ. ಸುತ್ತು ತಪ್ಪಿಸಿದ್ದು, ಸುಳ್ಳು ಕೆಮ್ಮು, ಮಾನ್ವಿಯ ಗ್ಲಾಸು, ಎಲ್ಲ ಹೇಳಿದೆ. ಕೆಮ್ಮಿಗೆ ಸ್ತೋತ್ರ ಮಾಡಿದ ಅಕ್ಕಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ತನ್ನ ಮೊಣಕಾಲಿನ ಸರದಿಯನ್ನು ನನಗೆ ಬಿಟ್ಟುಕೊಟ್ಟಳು, ಅದನ್ನು ತಿರುಗಿ ಕೊಡುವುದು ಬಾಕಿಯಿದೆ ಅಂದೆ. ಕಣ್ಣು ಮುಚ್ಚಿದೆ. ಅಪ್ಪಾ, ಈ ಅಜ್ಜಿಯ ಮೊಣಕಾಲು ನೋಡು, ಅವಳು ಬಸ್ಸಿನ ಮೆಟ್ಟಿಲು ಹತ್ತಬೇಕು, ಅಂದೆ. ಇನ್ನೂ ಏನೇನೋ ಕೇಳಿದೆ, ಕೇಳುವುದು ಮುಗಿಯಲೇ ಇಲ್ಲ. ಕೊನೆಗೆ ಆಮೆನ್ ನನ್ನ ಬಾಯಿಂದಲೇ ಬಂತು.

ಪಾಸ್ಟರಮ್ಮ ಕಪಾಟಿನ ಕಡೆ ಹೋದರು. ಮಕ್ಕಳ ಕ್ಲಾಸಿನ ಸೀಮೆಸುಣ್ಣದ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಅಜ್ಜಿಯ ಬಳಿ ಬಗ್ಗಿ, ಈಗ ಗೊತ್ತಾಯಿತಲ್ಲ ಯವ್ವಾ, ಇವಳಿಗೆ ಮೊದಲಿಂದ ಮಾತು ಬರುತ್ತಿತ್ತು ಅಂದರು.

ಅಜ್ಜಿ ಅವರನ್ನು ಕನಿಕರದಿಂದ ನೋಡಿದಳು. ಆಮೇಲೆ ಮುಂದಿನ ಸಾಲಿನ ಮಕ್ಕಳ ಕಡೆ ತಿರುಗಿದಳು.

“ಕೂಸುಗಳ್ರಾ, ನಿಮ್ಮ ಟೀಚರಿಗೆ ಹೊಸದಾಗಿ ಬಾಯಿ ಬಂದದ. ಸ್ವಲ್ಪ ಜಾಸ್ತಿನ ಮಾತಾಡ್ತಾಳ. ಸಹಿಸ್ಕೋರಿ.”