ಚಂದ್ರ ಟೆಂಪೊ ಕೊಳ್ಳಹೊರಟದ್ದು

ಹೆಂಗಸರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲವೆಂದು ಗಂಗೊಳ್ಳಿಯ ಚಂದ್ರ ಹೇಳದ ದಿನವಿಲ್ಲ. ಅವನ ಕೈಯಲ್ಲೂ ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು. ಎಂಟು ವರ್ಷದಿಂದ ಅವನು ಓಡಿಸುತ್ತಿದ್ದ ಮೀನಿನ ಟೆಂಪೊವನ್ನು ಧಣಿ ಭೋಜರಾಜರು ಮಾರುತ್ತಾರಂತೆ, ಅದೂ ಇವತ್ತೇ ಮುಂಗಡ ಕೊಟ್ಟವರಿಗೆ ಎಂಬ ಸುದ್ದಿ ಬೆಳಿಗ್ಗೆ ಬಂತು.

ಡ್ರೈವರ್ ಚಂದ್ರ ಓನರ್ ಚಂದ್ರನಾಗಲು ಇದೊಂದೇ ದಾರಿ. ಹೆಂಡತಿ ವನಜ ಮೀನು ಮಾರಲು ಕುಂದಾಪುರದ ಮಾರ್ಕೆಟಿಗೆ ಹೋಗಿದ್ದಳು. ಕಪಾಟು ತೆಗೆದು, ಅವಳಿಗೆ ತವರಲ್ಲಿ ಕೊಟ್ಟ ಎರಡೆಳೆ ಸರವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅಡವಿಡಲು ಸೊಸೈಟಿಗೆ ಓಡಿದ. ಹೆಂಡತಿಯದೆಂದರೆ ತನ್ನದೇ ತಾನೆ.

"ಇದ್ ಯಾರದ್?" ಚಿನ್ನ ಪರೀಕ್ಷಿಸುವ ಶ್ರೀಕರಾಚಾರ್ಯರು ಕೇಳಿದರು.

"ಯಾರದ್ ಅಂದ್ರೆ? ನಾನೇ ದುಡ್ದ್ ಮಾಡ್ಸದ್ದ್." ಸಾಲಿನಲ್ಲಿದ್ದ ನೆರೆಮನೆಯ ಕರಿಯನಿಗೂ ಕೇಳುವಂತೆ ಹೇಳಿದ.

ಆಚಾರ್ಯರು ಸರವನ್ನು ಒರೆಗಲ್ಲಿಗೆ ತೀಡಿ, ಕನ್ನಡಕ ಮೇಲೇರಿಸಿದರು. "ಹ್ವಾಯ್ ಚಂದ್ರ, ಇದ್ ರೋಲ್ಡ್ ಗೋಲ್ಡ್ ಮಾರಾಯ. ಸೊಸೈಟಿಗೇ ಟೋಪಿ ಹಾಕುಕೆ ಬಂದ್ಯಾ?"

ಚಂದ್ರನ ಮುಖ ಒಣಮೀನಿನಂತಾಯಿತು. "ಅದ್ ನಂದಲ್ಲ, ಹೆಂಡ್ತಿದ್."

"ಹಂಗಾರೆ ಅವ್ಳನ್ ಕೇಳ್ಕಂಡ್ ತಂದ್ಯಾ?"

ತನ್ನದೆಂದರೆ ಮೋಸಗಾರ, ಹೆಂಡತಿಯದೆಂದರೆ ಕಳ್ಳ. "ನೀ ದುಡ್ದದ್ದ್ ಎಷ್ಟ್ ಅಂದ್ ಈಗ ಗೊತ್ತಾಯ್ತ್," ಎಂದ ಕರಿಯ. ಸಾಲಿಗೆ ಸಾಲೇ ನಕ್ಕಿತು.

ಅಸಲಿ ಸರವನ್ನು ವನಜ ತನ್ನ ತಮ್ಮನಿಗೆ ಕೊಟ್ಟಿರಬೇಕೆಂದು ಕೆಂಡವಾಗಿ ಚಂದ್ರ ಮಾರ್ಕೆಟಿಗೆ ಹೋದ. ಅಲ್ಲಿ ವನಜಳ ಬುಟ್ಟಿ ಕಾಯುತ್ತಿದ್ದವಳು ಪಕ್ಕದಲ್ಲಿ ಮೀನು ಮಾರುವ ಪದ್ದು.

"ವನಜಕ್ಕ ಎಲ್ಲೋ ಹೋಯ್ರ್. ಸರವಾ? ಚಿನ್ನದ್ ರೇಟ್ ಏರ್ದಾಗ ಮಾರಿರಲೆ. ಮದ್ವಿಗ್ ಹಾಕುಕೆ ಒಂದ್ ರೋಲ್ಡ್ ಗೋಲ್ಡ್ ಇಟ್ಕಂಡಿರ್. ದುಡ್ಡ್ ಬ್ಯಾಂಕಲ್ ಇತ್ತ್."

ಚಂದ್ರನ ಸಿಟ್ಟು ಅಲ್ಲೇ ಕರಗಿತು. ದುಡ್ಡು ಇದೆ ಎಂದಮೇಲೆ ಟೆಂಪೊ ತನ್ನದೇ. ಒಂದು ದಿನ ತಡೆಯಿರೆಂದು ಹೇಳಲು ಭೋಜರಾಜರ ಮನೆಗೆ ಓಡಿದ.

"ಮಾರಿ ಆಯ್ತ್ ಮಾರಾಯ," ಎಂದರು ಭೋಜರಾಜರು. ಜಗಲಿಯಲ್ಲಿ ವನಜ ಟೆಂಪೊದ ಕೀ ಮಡಿಲಲ್ಲಿಟ್ಟುಕೊಂಡು ಚಾ ಕುಡಿಯುತ್ತಾ ಕೂತಿದ್ದಳು.

ಚಂದ್ರನಿಗೆ ಇಂಥ ಹೆಂಡತಿಯನ್ನು ಕಳ್ಳಿ ಎಂದುಕೊಂಡೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. "ನಂಗೋಸ್ಕರ ತಕಂಡ್ಯಾ?"

"ಹೌದ್. ಬೇರೆಯವ್ರ್ ತಕಂಡ್ರೆ ನಿಮ್ ಕೆಲ್ಸ ಹೋತಿತ್ತಲೆ."

ಓನರ್ ಗತ್ತಿನಲ್ಲಿ ಚಂದ್ರ ಕೈ ಚಾಚಿದ. ವನಜ ಅದರಲ್ಲಿ ಕೀ ಇಟ್ಟಳು.

"ಟೆಂಪೊ ನನ್ ಹೆಸ್ರಲ್ ಇತ್ತ್. ನಿಮ್ ಸಂಬ್ಳ ಮೊದ್ಲಿನಷ್ಟೇ. ನಿಮ್ ರಜೆ ಸಂಗ್ತಿ ಎಲ್ಲಾ ಭೋಜರಾಜ್ರ್ ಹೇಳ್ರ್. ಇನ್ ಮೇಲೆ ಹೆಂಡ್ತಿಗ್ ಹುಷಾರಿಲ್ಲ ಅಂದ್ ರಜೆ ಕೇಳುಕಾಗ."